ತೀರ್ಪಿನ ಮೇಲೊಂದು ತೀರ್ಪು



ರಾಯದುರ್ಗದ ನಮಗೆ ಮೊಳಕಾಲ್ಮೂರು ದೂರವಲ್ಲ, ಮಡಕಶಿರದವರಿಗೆ ಪಾವಗಡ ದೂರವಲ್ಲ. ಮನೆಮಾತು ಕನ್ನಡ, ಬೀಗತನವೂ ಗಡಿಯಾಚೆ. ಆದರೆ ಕೊಲೆಯಂಥ ಮೊಕದ್ದಮೆಯಲ್ಲಿ ಶಿಕ್ಷೆಯಾದರೆ ದಾರಿ ಬೇರೆಯಾಗುತ್ತದೆ. ಆಚೆ ನಡೆದ ಮೊಕದ್ದಮೆಯ ಮೇಲ್ಮನವಿ ಬೆಂಗಳೂರಿಗೆ. ಈಚಿನದು ಮೊದಲು ಹೈದರಾಬಾದಿಗೆ ಹೋಗುತ್ತಿತ್ತು, 2019ರ ಜನವರಿ 1ರಿಂದ ಅಮರಾವತಿಗೆ. ಮಡಕಶಿರ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತಾದರೂ ಹೈಕೋರ್ಟ್ ಅದೇ.

"ಜಡ್ಜ್ ಹೇಳಿಯಾಯಿತು, ಇನ್ನೇನಿದೆ?" ಎಂದು ಕೈಚೆಲ್ಲುವವರನ್ನು ನಾವು ಕಂಡಿದ್ದೇವೆ. ಇನ್ನೂ ಬಹಳವಿದೆ. ಮೇಲ್ಮನವಿ ಎಂದರೆ ದಯೆ ಬೇಡುವುದಲ್ಲ. ಹೈಕೋರ್ಟ್ ಸಾಕ್ಷಿಗಳ ಹೇಳಿಕೆಗಳನ್ನು ಮತ್ತೆ ಓದಿ ತೂಗಬೇಕು. ಖುಲಾಸೆ ಮಾಡಬಹುದು, ಶಿಕ್ಷೆ ಇಳಿಸಬಹುದು, ಮರುವಿಚಾರಣೆಗೂ ಕಳಿಸಬಹುದು. ಗಲ್ಲು ಶಿಕ್ಷೆಯಾದರಂತೂ ಆರೋಪಿ ಸುಮ್ಮನಿದ್ದರೂ ಸೆಷನ್ಸ್ ನ್ಯಾಯಾಧೀಶರು ಕಡತವನ್ನು ಹೈಕೋರ್ಟಿಗೆ ಕಳಿಸಲೇಬೇಕು. ಅಲ್ಲಿ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳು ದೃಢಪಡಿಸದೆ ಅದು ಜಾರಿಯಾಗದು. "ಅಪರೂಪದಲ್ಲಿ ಅಪರೂಪ"ದ ಪ್ರಕರಣಕ್ಕಷ್ಟೇ ಗಲ್ಲು ಎಂಬುದು 1980ರಿಂದ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಅಳತೆ.

ಈ ಮೆಟ್ಟಿಲುಗಳ ಬೆಲೆ ತಿಳಿಯಲು ಇನ್ನೊಂದು ಗಡಿಯ ಕಥೆ ನೋಡಬೇಕು. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಕಡೆಯ ಪಾಲಾರಿನಲ್ಲಿ ವೀರಪ್ಪನ್ ತಂಡ ಇಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದರು. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ನಾಲ್ವರಿಗೆ ಜೀವಾವಧಿ ವಿಧಿಸಿತು. ಟಾಡಾದಲ್ಲಿ ನಡುವೆ ಹೈಕೋರ್ಟ್ ಎಂಬ ಮೆಟ್ಟಿಲೇ ಇರಲಿಲ್ಲ, ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೆ. ಅಲ್ಲಿ 2004ರ ಜನವರಿಯಲ್ಲಿ ಶಿಕ್ಷೆ ಇಳಿಯುವ ಬದಲು ಗಲ್ಲಿಗೆ ಏರಿತು! ಬಳಿಕ ಕ್ಷಮಾದಾನದ ಅರ್ಜಿ. ಅದು ತಿರಸ್ಕಾರವಾದದ್ದು 2013ರ ಫೆಬ್ರವರಿಯಲ್ಲಿ, ಒಂಬತ್ತು ವರ್ಷಗಳ ನಂತರ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅಷ್ಟು ವರ್ಷ ಪ್ರತಿ ಬೆಳಗ್ಗೆ "ಇವತ್ತೋ ನಾಳೆಯೋ" ಎಂದು ಏಳುವುದು ಎಂಥ ಬದುಕು? 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟ್, ಇಷ್ಟು ವಿಳಂಬವೇ ಹಿಂಸೆ ಎಂದು ಇವರೂ ಸೇರಿ 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅಪರಾಧ ಮಾತ್ರ ಅಳಿಯಲಿಲ್ಲ.

ಸತ್ತ ಪೊಲೀಸರ, ಅರಣ್ಯ ಕಾವಲುಗಾರರ ಮನೆಯವರಿಗೆ ಆ ದಿನ ಹೇಗನಿಸಿರಬೇಕು ಎಂಬ ಪ್ರಶ್ನೆಯನ್ನೂ ನಾವು ಪಕ್ಕಕ್ಕಿಡಲಾರೆವು. ನೊಂದವರಿಗೂ ಈಗ ಒಂದು ಬಾಗಿಲಿದೆ. ಆರೋಪಿ ಖುಲಾಸೆಯಾದರೆ, ಹಗುರ ಅಪರಾಧವೆಂದು ತೀರ್ಪಾದರೆ, ಪರಿಹಾರ ಸಾಲದಾದರೆ, 2009ರ ಕೊನೆಯಿಂದ ಅವರೇ ಮೇಲ್ಮನವಿ ಹಾಕಬಹುದು.

ಇನ್ನು, ಹೊಲ ಮಾರಿ ವಕೀಲರನ್ನು ಹಿಡಿಯುವ ಮುನ್ನ ಇಷ್ಟು ತಿಳಿದಿರಲಿ. ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿ ಉಚಿತ. ಸೆಷನ್ಸ್ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 60 ದಿನ, ಗಲ್ಲಾಗಿದ್ದರೆ 30 ದಿನ ಮಾತ್ರ. ತಡವಾದರೆ ಸರಿಯಾದ ಕಾರಣ ತೋರಿಸಬೇಕು. ಜೈಲಿನಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರ ಖರ್ಚಿಲ್ಲದೆ ವಕೀಲರನ್ನು ಕೊಡುತ್ತದೆ. ಅರ್ಜಿಯನ್ನು ಜೈಲು ಅಧಿಕಾರಿಯ ಕೈಗೆ ಕೊಟ್ಟರೂ ಸಾಕು, ಅದನ್ನು ಹೈಕೋರ್ಟಿಗೆ ಮುಟ್ಟಿಸುವ ಹೊಣೆ ಅವರದು.