ಬಡಾವಣೆಯ ಹೆಸರು, ಮನೆಯ ಗಾಳಿ

ಬೆಂಗಳೂರಿನಲ್ಲಿ ಮನೆ ಎಲ್ಲಿ ಎಂದು ಕೇಳಿದಾಗ ‘ಬಸವನಗುಡಿ’, ‘ಮಲ್ಲೇಶ್ವರ’ ಎನ್ನುವವರ ದನಿಯಲ್ಲಿ ಇಂದಿಗೂ ಒಂದು ಬಿಂಕವುಂಟು. ಆದರೆ ಆ ಬಡಾವಣೆಗಳು ಬೆಳೆದದ್ದು ಬಿಂಕದಿಂದಲ್ಲ, ಭಯದಿಂದ. 1898ರಲ್ಲಿ ಪ್ಲೇಗು ಮಾರಿ ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಹೊಕ್ಕಾಗ, ಗಾಳಿ ಬೆಳಕುಗಳ ಬೆಲೆ ಎಲ್ಲರಿಗೂ ತಿಳಿಯಿತು. ನೇರವಾದ ಅಗಲ ಬೀದಿ, ಮನೆಯ ಸುತ್ತ ತೆರಪು, ಹಿತ್ತಲ ಹಿಂದೆ ಕಸ ಸಾಗಿಸಲು ಸಣ್ಣ ಗಲ್ಲಿ, ಇವೇ ಆ ಬಡಾವಣೆಗಳ ಲಕ್ಷಣ. ಹೆಸರು ಮಾತ್ರ ದೊಡ್ಡ ಬಸವಣ್ಣನದು, ಕಾಡು ಮಲ್ಲೇಶ್ವರನದು.

1948ರಲ್ಲಿ ರಾಜಾಜಿಯವರು ಅಡಿಗಲ್ಲಿಟ್ಟ ಜಯನಗರವೂ ಅದೇ ದಾರಿ ಹಿಡಿಯಿತು: ಬ್ಲಾಕುಗಳು, ಉದ್ಯಾನಗಳು, ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿಗಳು.

ಜನ ಇವನ್ನು ಮೆಚ್ಚಿದರು, ಮೆಚ್ಚಿಕೆಯೇ ಮುಳುವಾಯಿತು. ನಿವೇಶನದ ಬೆಲೆ ಏರಿದಂತೆ ಒಂದು ಸಂಸಾರವಿದ್ದ ಕಡೆ ನಾಲ್ಕಂತಸ್ತಿನ ಮನೆಗಳೆದ್ದವು. ಅಂಗಳದ ಸಂಪಿಗೆ, ತೆಂಗು ಉರುಳಿ ಕಾರುಗಳು ನಿಂತವು. ಅಣ್ಣತಮ್ಮಂದಿರು ಪಾಲು ಕೇಳಿದಾಗ ಹಿರಿಯರ ಹೆಂಚಿನ ಮನೆಯನ್ನು ಉಳಿಸುವುದೂ ಸುಲಭವಲ್ಲ. ಆದರೂ ಪಕ್ಕದ ಗೋಡೆಗೆ ತಾಗುವಂತೆ ಕಟ್ಟಿದರೆ ಎರಡು ಮನೆಗಳ ಗಾಳಿಯೂ ಹೋಯಿತು.

ಮನೆ ಕೊಳ್ಳಹೊರಟ ವಾಚಕರು ಬಡಾವಣೆಯ ಹೆಸರಿಗೆ ಮನಸೋಲದಿರಲಿ. ಜೋರು ಮಳೆ ಬಂದ ಸಂಜೆ ಆ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ನೀರು ಎತ್ತ ಹರಿಯುತ್ತದೆ? ಹಿಂದೆ ಅಲ್ಲಿ ಕೆರೆಯಿತ್ತೇ? ನಡುಮಧ್ಯಾಹ್ನ ಅಡುಗೆಮನೆಯಲ್ಲಿ ದೀಪ ಬೇಕೇ? ಈ ಮೂರಕ್ಕೆ ಉತ್ತರ ದೊರೆತ ಬಳಿಕ ಮುಂಗಡ ಕೊಡುವ ಮಾತು.