ಪಿನ್ ಉಲ್ಟಾ ಒತ್ತಿದರೆ ಪೊಲೀಸರು ಬರುತ್ತಾರಾ? ಎಟಿಎಂ ಹಿಂದೆ ನಿಜವಾಗಿ ನಡೆಯುವುದೇನು?

ವಾಟ್ಸಾಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಮೆಸೇಜ್ ಒಂದಿದೆ. ಕಳ್ಳರು ಬೆದರಿಸಿ ಎಟಿಎಂನಿಂದ ಹಣ ತೆಗೆಸಿದರೆ ಪಿನ್ ನಂಬರನ್ನು ಉಲ್ಟಾ ಒತ್ತಬೇಕಂತೆ. ಅಂದರೆ 1234 ಇದ್ದರೆ 4321. ಆಗ ಹಣವೂ ಬರುತ್ತದೆ, ಪೊಲೀಸರಿಗೂ ಸುದ್ದಿ ಮುಟ್ಟುತ್ತದೆ ಎನ್ನುತ್ತದೆ ಆ ಮೆಸೇಜ್.

ಇದು ಸುಳ್ಳು. ನಂಬಿ ಕೂತರೆ ಅಪಾಯವೂ ಹೌದು. ಯಾಕೆ ಸುಳ್ಳು ಎಂದು ತಿಳಿಯಲು ಎಟಿಎಂ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ. ಅದು ಗೊತ್ತಾದರೆ ಇನ್ನೊಂದು ದೊಡ್ಡ ಪ್ರಶ್ನೆಗೂ ಉತ್ತರ ಸಿಗುತ್ತದೆ: ಮಷಿನ್‌ನಿಂದ ಹಣ ಬರದೆ ಖಾತೆಯಲ್ಲಿ ಮಾತ್ರ ಕಟ್ ಆದರೆ ಯಾರನ್ನು ಕೇಳಬೇಕು?

ಮಷಿನ್‌ಗೆ ನಿಮ್ಮ ಪಿನ್ ಗೊತ್ತಿಲ್ಲ

ಎಟಿಎಂ ಅಂದರೆ ನೋಟು ತುಂಬಿದ ಪೆಟ್ಟಿಗೆ, ಒಂದು ಕಂಪ್ಯೂಟರ್ ಮತ್ತು ಒಂದು ನೆಟ್‌ವರ್ಕ್ ಸಂಪರ್ಕ, ಅಷ್ಟೇ. ನಿಮ್ಮ ಖಾತೆಯಲ್ಲಿ ಎಷ್ಟು ಹಣವಿದೆ, ನಿಮ್ಮ ಪಿನ್ ಯಾವುದು ಎಂಬುದು ಅದಕ್ಕೆ ತಿಳಿಯದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೊಳೆಆಲೂರಿನ ಮಹಿಳೆಯೊಬ್ಬರ ಖಾತೆ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿದೆ. ಗೃಹಲಕ್ಷ್ಮಿಯ 2000 ರೂಪಾಯಿ ತೆಗೆಯಲು ಅವರು ರೋಣಕ್ಕೆ ಬಂದು, ಎದುರಿಗೆ ಕಂಡ ಬೇರೆ ಬ್ಯಾಂಕಿನ ಎಟಿಎಂಗೆ ಕಾರ್ಡ್ ಹಾಕಿದರು ಎಂದುಕೊಳ್ಳಿ.

ಅವರು ಒತ್ತಿದ ಪಿನ್ ಕೀಪ್ಯಾಡ್‌ನಲ್ಲೇ ಗೂಢಲಿಪಿಯಾಗಿ ಬದಲಾಗುತ್ತದೆ. ಕಾರ್ಡ್ ನಂಬರಿನ ಮೊದಲ ಅಂಕಿಗಳು ಅದು ಯಾವ ಬ್ಯಾಂಕಿನ ಕಾರ್ಡ್ ಎಂದು ಹೇಳುತ್ತವೆ. ಮಷಿನ್ ಇಟ್ಟ ಬ್ಯಾಂಕಿನ ಕಂಪ್ಯೂಟರ್ ಅದನ್ನು ನೋಡಿ, ಇದು ನಮ್ಮದಲ್ಲ ಎಂದು ಗುರುತಿಸಿ ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್ ಎಂಬ ಜಾಲಕ್ಕೆ ಕಳಿಸುತ್ತದೆ. ಆ ಜಾಲ ಕೋರಿಕೆಯನ್ನು ಗ್ರಾಮೀಣ ಬ್ಯಾಂಕಿಗೆ ಮುಟ್ಟಿಸುತ್ತದೆ. ಪಿನ್ ಸರಿಯೇ, ಹಣವಿದೆಯೇ ಎಂದು ನೋಡಿ, ಖಾತೆಯಲ್ಲಿ 2000 ಕಳೆದು, 'ಕೊಡಬಹುದು' ಎನ್ನುವುದು ಆ ಬ್ಯಾಂಕೇ. ಉತ್ತರ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಆಮೇಲೆ ಮಷಿನ್ ನೋಟು ಎಣಿಸುತ್ತದೆ. ಇಷ್ಟೆಲ್ಲಾ ಕೆಲವೇ ಸೆಕೆಂಡುಗಳ ಕೆಲಸ.

ಈ ದಾರಿಯಲ್ಲಿ ಪೊಲೀಸ್ ಠಾಣೆ ಎಲ್ಲೂ ಬರುವುದಿಲ್ಲ. ಉಲ್ಟಾ ಪಿನ್ ಎಂದರೆ ಬ್ಯಾಂಕಿಗೆ ಬರೀ ತಪ್ಪು ಪಿನ್. ಹಣ ಬರುವುದಿಲ್ಲ, ಹಲವು ಸಲ ತಪ್ಪಾದರೆ ಕಾರ್ಡ್ ಬ್ಲಾಕ್ ಆಗುತ್ತದೆ. ಅಷ್ಟಕ್ಕೂ ಪಿನ್ 1221 ಅಥವಾ 4444 ಆಗಿದ್ದರೆ ಉಲ್ಟಾ ಒತ್ತುವುದು ಹೇಗೆ? ಈ ಐಡಿಯಾಗೆ 1990ರ ದಶಕದಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ. ಆದರೆ ಅದು ಯಾವ ಎಟಿಎಂನಲ್ಲೂ ಜಾರಿಗೆ ಬಂದಿಲ್ಲ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ಹೇಳಿತು. ಯಾರಾದರೂ ಬೆದರಿಸಿದರೆ ಜೀವ ಮೊದಲು. ಹಣ ಕೊಟ್ಟು ಪಾರಾಗಿ, ಆಮೇಲೆ 112ಕ್ಕೆ ಕರೆ ಮಾಡಿ.

ಎಲ್ಲ ಬ್ಯಾಂಕಿಗೂ ಒಂದೇ ಜಾಲ ಬಂದದ್ದು ಹೇಗೆ?

ಭಾರತದ ಮೊದಲ ಎಟಿಎಂ 1987ರಲ್ಲಿ ಮುಂಬೈನಲ್ಲಿ ಬಂತು. ಆಗ ಯಾವ ಬ್ಯಾಂಕಿನ ಕಾರ್ಡ್ ಇದೆಯೋ ಆ ಬ್ಯಾಂಕಿನ ಮಷಿನ್ನೇ ಬೇಕಿತ್ತು. 1997ರಲ್ಲಿ ಮುಂಬೈನ ಬ್ಯಾಂಕುಗಳು ಸೇರಿ 'ಸ್ವಧನ್' ಎಂಬ ಹಂಚಿಕೆಯ ಜಾಲ ಮಾಡಿದವು. ಅದು 2003ರ ಕೊನೆಗೆ ನಿಂತುಹೋಯಿತು. 2004ರಲ್ಲಿ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್ ಶುರು ಮಾಡಿತು. 2009ರ ಡಿಸೆಂಬರ್‌ನಿಂದ ಅದನ್ನು ನಡೆಸುತ್ತಿರುವುದು ಎನ್‌ಪಿಸಿಐ. ಯುಪಿಐ ನಡೆಸುವುದೂ ಇದೇ ಸಂಸ್ಥೆ.

ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಿಗೆ ಇದರಿಂದ ಆದ ಲಾಭ ದೊಡ್ಡದು. ಪ್ರತಿ ಬ್ಯಾಂಕೂ ಪ್ರತಿ ಊರಿನಲ್ಲಿ ಮಷಿನ್ ಇಡಬೇಕಿಲ್ಲ. ಇರುವ ಒಂದೇ ಮಷಿನ್ ಎಲ್ಲರಿಗೂ ಆಗುತ್ತದೆ. 2013ರಿಂದ ಬ್ಯಾಂಕ್ ಅಲ್ಲದ ಕಂಪನಿಗಳೂ ಎಟಿಎಂ ಇಡುತ್ತಿವೆ. ಅವೂ ಇದೇ ಜಾಲದಲ್ಲಿವೆ.

ಆದರೆ ಇದು ಪುಕ್ಕಟೆಯಲ್ಲ. ನೀವು ಬೇರೆ ಬ್ಯಾಂಕಿನ ಎಟಿಎಂನಿಂದ ಹಣ ತೆಗೆದಾಗಲೆಲ್ಲ ನಿಮ್ಮ ಬ್ಯಾಂಕ್ ಆ ಬ್ಯಾಂಕಿಗೆ 19 ರೂಪಾಯಿ ಕೊಡಬೇಕು. ಅದಕ್ಕೇ ಉಚಿತಕ್ಕೆ ಮಿತಿ ಇದೆ. ಸಾಮಾನ್ಯ ಉಳಿತಾಯ ಖಾತೆಗೆ ಬೇರೆ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ 5 ವ್ಯವಹಾರ ಉಚಿತ. ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ 3 ಮಾತ್ರ. ಮಿತಿ ದಾಟಿದರೆ 2025ರ ಮೇ 1ರಿಂದ ಪ್ರತಿ ಸಲ 23 ರೂಪಾಯಿವರೆಗೆ ಶುಲ್ಕ, ಮೇಲೆ ತೆರಿಗೆ. ಬ್ಯಾಲೆನ್ಸ್ ನೋಡಿದರೂ ಆ ಐದರಲ್ಲಿ ಒಂದು ಮುಗಿದಂತೆ. ಜನಧನ್‌ನಂಥ ಖಾತೆಗಳಿಗೆ ನಿಯಮ ಬೇರೆ. ನಿಮ್ಮ ಶಾಖೆಯಲ್ಲಿ ಕೇಳಿಕೊಳ್ಳಿ.

ಹಣ ಬರಲಿಲ್ಲ, ಖಾತೆಯಲ್ಲಿ ಕಟ್ ಆಯಿತು

ಮೇಲಿನ ಉದಾಹರಣೆಯನ್ನೇ ನೋಡಿ. ಬ್ಯಾಂಕ್ ಮೊದಲು ಖಾತೆಯಲ್ಲಿ ಹಣ ಕಳೆಯುತ್ತದೆ, ಮಷಿನ್ ಆಮೇಲೆ ನೋಟು ಕೊಡುತ್ತದೆ. ನಡುವೆ ನೋಟು ಸಿಕ್ಕಿಕೊಂಡರೆ 'ಕೊಡಲಾಗಲಿಲ್ಲ, ಹಣ ವಾಪಸ್ ಹಾಕಿ' ಎಂಬ ಸಂದೇಶವನ್ನು ಮಷಿನ್ ಕಳಿಸಬೇಕು. ಅಷ್ಟರಲ್ಲಿ ಕರೆಂಟ್ ಅಥವಾ ನೆಟ್‌ವರ್ಕ್ ಹೋದರೆ ಆ ಸಂದೇಶ ಮುಟ್ಟುವುದೇ ಇಲ್ಲ. ನಿಮಗೆ ಕಟ್ ಆದ ಎಸ್‌ಎಂಎಸ್ ಬರುತ್ತದೆ, ನೋಟು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಆಮೇಲೆ ಮಷಿನ್‌ನ ದಾಖಲೆ ಮತ್ತು ಉಳಿದ ನೋಟು ತಾಳೆ ನೋಡಿದಾಗ ಹೆಚ್ಚುವರಿ ಹಣ ಲೆಕ್ಕಕ್ಕೆ ಸಿಗುತ್ತದೆ.

ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ಹೀಗೆ ಕಟ್ ಆದ ಹಣ ವ್ಯವಹಾರದ ದಿನದಿಂದ 5 ದಿನದೊಳಗೆ ಖಾತೆಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನೂ ಬ್ಯಾಂಕ್ ಕೊಡಬೇಕು. ಇಂಥ ವಿಫಲ ವ್ಯವಹಾರವನ್ನು ಉಚಿತ ಲೆಕ್ಕದಲ್ಲಿ ಹಿಡಿಯುವಂತಿಲ್ಲ.

ದೂರು ಕೊಡಬೇಕಾದದ್ದು ಎಲ್ಲಿ? ಮಷಿನ್ ಯಾರದೇ ಇರಲಿ, ನಿಮ್ಮ ಖಾತೆ ಇರುವ ಬ್ಯಾಂಕಿಗೆ. ಕಾರ್ಡ್ ಕೊಟ್ಟದ್ದೂ ಖಾತೆಯಿಂದ ಕಳೆದದ್ದೂ ಅದೇ ಬ್ಯಾಂಕ್. ಎಟಿಎಂ ಪಕ್ಕದ ಶಾಖೆಯವರು 'ನಿಮ್ಮ ಬ್ಯಾಂಕಿಗೆ ಹೋಗಿ' ಎಂದರೆ ಅದು ಸರಿಯಾದ ಮಾತೇ. ನಿಮ್ಮ ಬ್ಯಾಂಕಿನವರು 'ಆ ಎಟಿಎಂನವರನ್ನು ಕೇಳಿ' ಎಂದರೆ ಮಾತ್ರ ಒಪ್ಪಬೇಡಿ.

ಬ್ಯಾಂಕಿನ ಹೆಸರು ಬದಲಾಗಿದ್ದರೆ? ನಮ್ಮ ಭಾಗದಲ್ಲಿ ಈ ಗೊಂದಲ ಸಹಜ. ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು, 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. ಪಾಸ್‌ಬುಕ್ ಮೇಲೆ ಹಳೆಯ ಹೆಸರೇ ಇದ್ದರೂ ಹೊಣೆ ಈಗಿನ ಬ್ಯಾಂಕಿನದು.

ಚೀಟಿ ಬಂದಿದ್ದರೆ ಬಿಸಾಡಬೇಡಿ. ಬರದಿದ್ದರೆ ದಿನಾಂಕ, ಸಮಯ, ಎಟಿಎಂ ಇದ್ದ ಜಾಗ ಬರೆದಿಟ್ಟುಕೊಳ್ಳಿ, ಎಸ್‌ಎಂಎಸ್ ಅಳಿಸಬೇಡಿ. ದೂರಿಗೆ ನಂಬರ್ ಕೇಳಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಇನ್ನೆರಡು ಮೆಸೇಜ್‌ಗಳು

ಕಾರ್ಡ್ ಹಾಕುವ ಮೊದಲು ಕ್ಯಾನ್ಸಲ್ ಬಟನ್ ಎರಡು ಸಲ ಒತ್ತಿದರೆ ಪಿನ್ ಕಳುವಾಗುವುದಿಲ್ಲ: ಸುಳ್ಳು. ಕ್ಯಾನ್ಸಲ್ ಒತ್ತಿದರೆ ಆ ಹೊತ್ತಿನ ವ್ಯವಹಾರ ರದ್ದಾಗುತ್ತದೆ, ಅಷ್ಟೇ. ಕಳ್ಳರು ಗುಟ್ಟಾಗಿ ಇಟ್ಟ ಕ್ಯಾಮೆರಾ ಅದರಿಂದ ಆಫ್ ಆಗುವುದಿಲ್ಲ. ಪಿನ್ ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡಿಯುವುದೇ ಒಳ್ಳೆಯ ಉಪಾಯ.

ಎಟಿಎಂಗಳು ಎರಡು ಮೂರು ದಿನ ಬಂದ್: 2025ರ ಮೇನಲ್ಲಿ ಭಾರತ-ಪಾಕ್ ಸಂಘರ್ಷದ ಹೊತ್ತಿನಲ್ಲಿ ಈ ಮೆಸೇಜ್ ಹರಡಿತ್ತು. ಅದು ಸುಳ್ಳು ಎಂದು ಕೇಂದ್ರ ಸರ್ಕಾರದ ಪಿಐಬಿ ಆಗಲೇ ಹೇಳಿತ್ತು. ಇಂಥದ್ದನ್ನು ನಂಬಿ ಎಲ್ಲರೂ ಒಟ್ಟಿಗೆ ಓಡಿದರೆ ಊರಿನ ಮಷಿನ್ ನಿಜಕ್ಕೂ ಖಾಲಿಯಾಗುತ್ತದೆ. ಆಗ ಸುಳ್ಳೇ ನಿಜವಾದಂತೆ ಕಾಣುತ್ತದೆ.

ಗ್ರೂಪಿಗೆ ಏನಾದರೂ ಕಳಿಸಲೇಬೇಕೆಂದರೆ ಇಷ್ಟು ಕಳಿಸಿ: ಎಟಿಎಂನಲ್ಲಿ ಹಣ ಬರದೆ ಕಟ್ ಆದರೆ ದೂರು ನಿಮ್ಮ ಬ್ಯಾಂಕಿಗೆ, ಗಡುವು 5 ದಿನ, ಆಮೇಲೆ ದಿನಕ್ಕೆ 100 ರೂಪಾಯಿ.