ಹೊಲದ ಕೆಲಸಕ್ಕೆ ತಕ್ಕ ಫೋನು



ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಕೊಂಬಿಗೆ ಬಳಿದ ಬಣ್ಣ ನೋಡಿ ಬೆಲೆ ಕಟ್ಟುವುದಿಲ್ಲ. ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಅದೇ ರೈತ ಮೊಬೈಲ್ ಅಂಗಡಿಯಲ್ಲಿ ಮಾತ್ರ ಮಾರುವವನ ಮಾತಿಗೆ ತಲೆದೂಗಿ, ಬಿತ್ತನೆಗೆಂದು ಇಟ್ಟ ಹಣವನ್ನು ಎಣಿಸಿಕೊಟ್ಟು ಬರುತ್ತಾನೆ. ಇದು ಸರಿಯಲ್ಲ.

ಸ್ಮಾರ್ಟ್ ಫೋನು ಇಂದು ಬೇಸಾಯದ ಉಪಕರಣವೂ ಹೌದು. 2020ರಿಂದ ನಮ್ಮ ರಾಜ್ಯದಲ್ಲಿ ರೈತರೇ ಹೊಲದಲ್ಲಿ ನಿಂತು ಚಿತ್ರ ತೆಗೆದು ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ದಾಖಲಿಸಬಹುದಾಗಿದೆ. ಬೆಳೆ ವಿಮೆಗೆ, ಬೆಳೆ ಹಾನಿ ಪರಿಹಾರಕ್ಕೆ, ಬೆಂಬಲ ಬೆಲೆಯ ಖರೀದಿಗೆ ಈ ದಾಖಲೆ ಬೇಕಾಗುತ್ತದೆ. ಸರ್ವೆ ನಂಬರು ನೋಡಲು ದಿಶಾಂಕ್, ಹವಾಮಾನ ಸಲಹೆಗೆ ಮೇಘದೂತ್ ಇವೆ. ಇವು ಯಾವುದಕ್ಕೂ ದುಬಾರಿ ಫೋನು ಬೇಕಿಲ್ಲ. ಬಾವಿಯ ನೀರಿಗೆ 3 ಅಶ್ವಶಕ್ತಿಯ ಪಂಪು ಸಾಕಾಗುವಲ್ಲಿ 10 ಅಶ್ವಶಕ್ತಿಯದನ್ನು ಕೂಡಿಸುವವರುಂಟೇ?

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಫೋನಿನಿಂದ ಆಗಬೇಕಾದ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಮಾತನಾಡುವುದಷ್ಟೇ ಕೆಲಸವಾದರೆ ಗುಂಡಿ ಒತ್ತುವ ಸಾಮಾನ್ಯ ಫೋನೇ ಸಾಕು. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಅದರಿಂದಲೇ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಸಲಹೆ ಪಡೆಯಬಹುದು.

ಸ್ಮಾರ್ಟ್ ಫೋನೇ ಬೇಕೆಂದಾದರೆ ಈ ಅಂಶಗಳನ್ನು ಗಮನಿಸಿರಿ.

1. ನಿಮ್ಮ ಹೊಲದಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆಂದು ಮೊದಲು ತಿಳಿಯಿರಿ. 5ಜಿ ಇನ್ನೂ ಬಾರದ ಊರಿನಲ್ಲಿ ಅದಕ್ಕಾಗಿಯೇ ಹೆಚ್ಚು ಹಣ ಸುರಿಯಬೇಡಿರಿ.

2. ಬ್ಯಾಟರಿ 5000 ಎಂ.ಎ.ಎಚ್.ಗೆ ಕಡಿಮೆ ಇರಬಾರದು. ಕರೆಂಟು ಯಾವಾಗ ಬರುತ್ತದೋ ಹೇಳಲಾಗದ ಊರುಗಳಲ್ಲಿ ಇದೇ ಮುಖ್ಯ.

3. ರ‍್ಯಾಮ್ 4 ಜಿ.ಬಿ., ಸಂಗ್ರಹ 64 ಜಿ.ಬಿ. ಇದ್ದರೆ ಮೇಲಿನ ಕೆಲಸಗಳು ನಡೆಯುತ್ತವೆ. ಪೆಟ್ಟಿಗೆಯ ಮೇಲೆ "4+4" ಎಂದಿದ್ದರೆ ಎರಡನೆಯ 4 ನಿಜವಾದ ರ‍್ಯಾಮ್ ಅಲ್ಲ, ಸಂಗ್ರಹದಿಂದ ಎರವಲು ಪಡೆದದ್ದು.

4. ಕ್ಯಾಮೆರಾದ ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗಬೇಡಿರಿ. ಒಂದು ಎಲೆಯನ್ನು ಗೇಣು ದೂರದಲ್ಲಿ ಹಿಡಿದು ಚಿತ್ರ ತೆಗೆಯಿರಿ. ನರಗಳು, ಚುಕ್ಕೆಗಳು ಸ್ಪಷ್ಟವಾಗಿ ಕಂಡರೆ ರೋಗ ಗುರುತಿಸಲು ಅಷ್ಟು ಸಾಕು.

5. ಫೋನನ್ನು ಅಂಗಡಿಯಿಂದ ಹೊರಗೆ, ಬಿಸಿಲಿಗೆ ತಂದು ನೋಡಿರಿ. ಬಿಸಿಲಿನಲ್ಲಿ ಓದಲಾಗದ ಪರದೆ ಹೊಲಕ್ಕೆ ಉಪಯೋಗವಿಲ್ಲ.

6. ದುರಸ್ತಿ ಕೇಂದ್ರ ತಾಲ್ಲೂಕು ಕೇಂದ್ರದಲ್ಲಿದೆಯೇ, ಸುರಕ್ಷತಾ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಎಂದು ಕೇಳಿರಿ. ನಿಮ್ಮ ಬ್ಯಾಂಕಿನ ಹಣದ ವ್ಯವಹಾರವೂ ಅದೇ ಫೋನಿನಲ್ಲಿ ನಡೆಯುತ್ತದೆ.

ಬಳಸಿದ ಫೋನು ಕೊಳ್ಳುವವರು *#06# ಒತ್ತಿ 15 ಅಂಕಿಯ ಐ.ಎಂ.ಇ.ಐ. ಸಂಖ್ಯೆಯನ್ನು ನೋಡಿ, ಬಿಲ್ಲಿನಲ್ಲಿರುವುದರೊಂದಿಗೆ ತಾಳೆ ಮಾಡಲೇಬೇಕು. ಬಿಲ್ಲಿಲ್ಲದ ಫೋನು ಅಗ್ಗವೆಂದು ಕೊಂಡರೆ ಕಳವಿನ ಮಾಲು ಕೈಸೇರಬಹುದು.

ಕೊನೆಯದಾಗಿ ಸಾಲದ ಮಾತು. "ಬಡ್ಡಿಯಿಲ್ಲದ ಕಂತು" ಎಂಬ ಫಲಕ ಕಂಡಾಗ ಎಲ್ಲ ಕಂತುಗಳನ್ನೂ ಶುಲ್ಕವನ್ನೂ ಕೂಡಿಸಿ, ನಗದು ಬೆಲೆಯೊಂದಿಗೆ ಹೋಲಿಸಿರಿ. ಕಂತು ಪ್ರತಿ ತಿಂಗಳೂ ಬರುತ್ತದೆ, ಫಸಲಿನ ಹಣ ಪ್ರತಿ ತಿಂಗಳೂ ಬರುವುದಿಲ್ಲ. ಕಂತು ತಪ್ಪಿದರೆ ಅದು ನಿಮ್ಮ ಸಾಲದ ದಾಖಲೆಯಲ್ಲಿ ಸೇರುತ್ತದೆ. ಮುಂದೆ ಬ್ಯಾಂಕಿನಲ್ಲಿ ಬೆಳೆ ಸಾಲ ಕೇಳುವಾಗ ಅದೇ ಅಡ್ಡಿಯಾದೀತು. ಒಂದು ಫೋನಿಗಾಗಿ ಬೆಳೆ ಸಾಲವನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಫಸಲು ಮಾರಿದ ಮೇಲೆ, ಮನೆಯವರೊಡನೆ ಆಲೋಚಿಸಿ, ನಗದು ಕೊಟ್ಟು ಕೊಳ್ಳಿರಿ. ಬಿಲ್ಲನ್ನು ಪಹಣಿಯಷ್ಟೇ ಜೋಪಾನವಾಗಿ ಇಡಿರಿ.